ಬೇರೊಂದು ಕ್ಯಾಮೆರಾದ ಜಾತಕ

ನನಗೆ ಎಂಟು ಕಾಲುಗಳಿವೆ, ನಡೆಯಲು ಬರುವುದಿಲ್ಲ. ಹುಣಸೆ ಬೀಜಕ್ಕಿಂತ ಚಿಕ್ಕ ಕಪ್ಪು ಮೈ. ಬೆನ್ನ ಮೇಲೆ ಬೆಳ್ಳಗೆ ಒಂದಿಷ್ಟು ಅಕ್ಷರ, ಅಂಕಿ. ಅವನ್ನು ಓದಬೇಕೆಂದರೆ ಕನ್ನಡಕದವರು ಕನ್ನಡಕ ತೆಗೆಯುತ್ತಾರೆ, ಇಲ್ಲದವರು ಪಕ್ಕದವರ ಕನ್ನಡಕ ಬೇಡುತ್ತಾರೆ. ಟಿವಿ, ಕ್ಯಾಮೆರಾ, ಮಾತಾಡುವ ಗೊಂಬೆ, ಎಲ್ಲದರ ಹೊಟ್ಟೆಯಲ್ಲೂ ನನ್ನ ಕುಲದವರು ಒಬ್ಬರಾದರೂ ಕೂತಿರುತ್ತಾರೆ. ಜನ ನಮ್ಮನ್ನು ಮೆಮೊರಿ ಚಿಪ್ ಅನ್ನುತ್ತಾರೆ. ಕರೆಂಟು ಹೋದರೂ ಮರೆಯದಿರುವುದು ನಮ್ಮ ಕಸುಬು. ಮರೆಯದಿರುವುದು ಒಳ್ಳೆಯ ಗುಣವೆಂದು ಬಹಳ ಕಾಲ ನಾನೂ ನಂಬಿದ್ದೆ.

ನಾವು ಹುಟ್ಟುವುದು ಮರಳಿನಿಂದ. ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ, ಕಣ್ಣು ಮಾತ್ರ ಕಾಣುವಂತೆ ಬಿಳಿ ಮುಸುಕು ಹಾಕಿಕೊಂಡ ಜನ ನನ್ನನ್ನು ಹೊಳೆಯುವ ಬಿಲ್ಲೆಯೊಂದರಿಂದ ಒಡಹುಟ್ಟಿದವರ ಜೊತೆಗೆ ಕತ್ತರಿಸಿ ತೆಗೆದರು. ಹುಟ್ಟಿದ ದಿನವೇ ಪರೀಕ್ಷೆ. ಬರೆದರು, ಓದಿದರು, ಅಳಿಸಿದರು. ನಮ್ಮಲ್ಲಿ ಖಾಲಿ ಎಂದರೆ ಸೊನ್ನೆಯಲ್ಲ. ಖಾಲಿ ಚಿಪ್ಪಿನ ತುಂಬ ಒಂದುಗಳೇ ಇರುತ್ತವೆ. ಬರೆಯುವವರು ಬೇಕಾದಲ್ಲಿ ಅವನ್ನು ಸೊನ್ನೆ ಮಾಡುತ್ತ ಹೋಗುತ್ತಾರೆ. ನಮಗೆ ಕಲಿಸುವುದೆಂದರೆ ನಮ್ಮಿಂದ ಕಳೆಯುವುದು. ಮನುಷ್ಯರ ಶಾಲೆಗಳೂ ಹೀಗೇ ಎಂದು ಆಮೇಲೆ ಕೇಳಿ ಸಮಾಧಾನವಾಯಿತು.

ಇನ್ನೊಂದು ಸಂಗತಿ ಇಲ್ಲೇ ಹೇಳಿಬಿಡುತ್ತೇನೆ. ನನ್ನ ಮೈಯಲ್ಲಿ ಒಂದು ಸಣ್ಣ ಮೂಲೆಯಿದೆ. ಅಲ್ಲಿ ಒಮ್ಮೆ ಬರೆದು ಬೀಗ ಹಾಕಿದರೆ ಮತ್ತೆ ಯಾರಿಂದಲೂ ಅಳಿಸಲಾಗುವುದಿಲ್ಲ. ಮಿಕ್ಕದ್ದನ್ನೆಲ್ಲ ಎಷ್ಟು ಸಲ ಅಳಿಸಿದರೂ ಆ ಮೂಲೆ ಹಾಗೇ ಉಳಿಯುತ್ತದೆ. ಬಹಳ ಮಂದಿ ರಿಪೇರಿಯವರಿಗೆ ಅದು ಇರುವುದೇ ಗೊತ್ತಿಲ್ಲ. ಈ ಕಥೆ ಇರುವುದು ಅಲ್ಲಿ. ಜಾಗ ಇಕ್ಕಟ್ಟು, ಆದ್ದರಿಂದ ವರ್ಣನೆ ಕಡಿಮೆ.

ನನ್ನ ಮೊದಲ ಮನೆ ಹುಬ್ಬಳ್ಳಿಯಲ್ಲಿ, ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಒಬ್ಬ ಹಿರಿಯರ ಟಿವಿಯ ಮೇಲಿನ ಕೇಬಲ್ ಡಬ್ಬಿ. ಕರೆಂಟು ಬಂದ ಕೂಡಲೇ ಡಬ್ಬಿಯೊಳಗಿನ ಸಮಸ್ತರೂ ನನ್ನ ಕಡೆ ತಿರುಗಿ ಕೇಳುತ್ತಿದ್ದರು: ನಾವು ಯಾರು? ನಮ್ಮ ಕೆಲಸವೇನು? ನಾನು ಹೇಳುತ್ತಿದ್ದೆ, ಅವರು ಕೆಲಸಕ್ಕೆ ಇಳಿಯುತ್ತಿದ್ದರು. ಹಿರಿಯರು ಬೆಳಿಗ್ಗೆ ಪ್ರವಚನ, ಸಂಜೆ ಕುಸ್ತಿ ನೋಡುತ್ತಿದ್ದರು. ಎರಡರಲ್ಲೂ ಒಂದೇ ಸಮನೆ ತಲೆಯಾಡಿಸುತ್ತಿದ್ದರು. ಒಂದು ಮಧ್ಯಾಹ್ನ ಸಿಡಿಲಿನ ಹೊಡೆತಕ್ಕೆ ಡಬ್ಬಿ ಸುಟ್ಟಿತು. ನಾನು ಉಳಿದೆ. ಹೆಣದ ಕಿಸೆಯಲ್ಲಿ ಉಳಿದ ಗಡಿಯಾರದಂತೆ ಗುಜರಿಗೆ ಹೋದೆ. ಅಲ್ಲಿಂದ ಸುಟ್ಟ ಬೋರ್ಡುಗಳ ಒಂದು ಚೀಲದೊಡನೆ ವಿಠೋಬಾ ಮೆಹರವಾಡೆಯ ಅಂಗಡಿಗೆ ಬಂದೆ.

ಮೆಹರವಾಡೆಯ ಅಂಗಡಿ ಕೊಪ್ಪಿಕರ ರಸ್ತೆಯ ಹಿಂದಿನ ಒಂದು ಗಲ್ಲಿಯಲ್ಲಿ. ಒಳಗೆ ಇಬ್ಬರು ನಿಂತರೆ ಮೂರನೆಯವರು ಮಾತು ಮಾತ್ರ ಒಳಗೆ ಕಳಿಸಬೇಕು, ಅಷ್ಟು ಜಾಗ. ಮೇಲೆ ಕೆಂಪು ಬಣ್ಣದಲ್ಲಿ ಒಂದು ಬೋರ್ಡು: ‘ಇಲ್ಲಿ ಆಗುವುದಿಲ್ಲ ಎಂಬ ಮಾತಿಲ್ಲ.’ ಅದನ್ನು ಅವನೇ ಬರೆಸಿದ್ದ, ಅವನೇ ನಂಬಿದ್ದ. ಸತ್ತ ಟಿವಿ, ಸತ್ತ ಮಿಕ್ಸರು, ನೀರಿಗೆ ಬಿದ್ದ ಫೋನು, ಏನು ಬಂದರೂ ‘ಬಿಟ್ಟ ಹೋಗ್ರಿ’ ಅನ್ನುತ್ತಿದ್ದ. ಬಾಯಲ್ಲಿ ಸದಾ ಎಲೆ ಅಡಿಕೆ ಇರುತ್ತಿದ್ದುದರಿಂದ ಅವನಿಗೂ ಚಿಕ್ಕ ಮಾತೇ ಅನುಕೂಲ.

ಅವನದೊಂದು ಪದ್ಧತಿಯಿತ್ತು. ಯಾವ ಯಂತ್ರ ಬಂದರೂ ಮುಟ್ಟುವ ಮೊದಲು ಅದರ ಚಿಪ್ಪಿನ ಕಾಲುಗಳಿಗೆ ಒಂದು ಕ್ಲಿಪ್ಪು ಕಚ್ಚಿಸಿ, ಒಳಗಿನದನ್ನೆಲ್ಲ ಪೂರ್ತಿ ಓದಿ, ಕಂಪ್ಯೂಟರಿನಲ್ಲಿ ನಕಲು ಇಟ್ಟುಕೊಳ್ಳುತ್ತಿದ್ದ. ಇದಕ್ಕೆ ಅವನು ಇಟ್ಟಿದ್ದ ಹೆಸರು ‘ಜಾತಕ ತಗಿಯೂದು’. ಅದೇ ಮಾದರಿಯ ಇನ್ನೊಂದು ಯಂತ್ರ ಬುದ್ಧಿ ಕಳೆದುಕೊಂಡು ಬಂದರೆ ಆರೋಗ್ಯವಂತನ ಜಾತಕವನ್ನು ರೋಗಿಯ ಚಿಪ್ಪಿಗೆ ಬರೆದುಬಿಡುತ್ತಿದ್ದ. ಯಂತ್ರ ಎದ್ದು ಕೂರುತ್ತಿತ್ತು. ಆದರೆ ಪ್ರತಿ ಯಂತ್ರಕ್ಕೂ ಅದರದೇ ಒಂದು ನಂಬರಿರುತ್ತದೆ. ಜಾತಕ ಬರೆದ ಮೇಲೆ ಆ ನಂಬರನ್ನು ಮಾತ್ರ ಕೈಯಾರೆ ಬದಲಿಸಬೇಕು. ಇಲ್ಲವಾದರೆ ಒಂದೇ ಹೆಸರಿನ ಇಬ್ಬರಾಗುತ್ತಾರೆ. ಮೆಹರವಾಡೆಗೆ ಇದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದನ್ನು ಮರೆಯಲು ಚಿಪ್ಪಿಗೆ ಸಾಧ್ಯವಿಲ್ಲ. ಮನುಷ್ಯನಿಗೆ ಅದೇನೂ ಕಷ್ಟವಲ್ಲ.

ನಾನು ಚೀಲದಲ್ಲಿದ್ದಾಗಲೇ ಒಂದು ಬೆಳಿಗ್ಗೆ ಒಬ್ಬ ಹೆಣ್ಣುಮಗಳು ಕೈಯಲ್ಲಿ ಕ್ಯಾಮೆರಾ ಹಿಡಿದುಕೊಂಡು ಬಂದಳು. ಮನೆಯೊಳಗೆ ಕಪಾಟಿನ ಮೇಲೆ ಇಡುವಂಥದ್ದು, ಗುಂಡು ತಲೆ, ಗೋಣು ತಿರುಗಿಸುತ್ತದೆ, ಫೋನಿನಲ್ಲಿ ನೋಡಬಹುದು, ಫೋನಿನಲ್ಲಿ ಮಾತಾಡಿದರೆ ಕ್ಯಾಮೆರಾದಿಂದ ದನಿ ಬರುತ್ತದೆ. ಅವಳ ಹೆಸರು ಶಿವಲೀಲಾ.

‘ಏನಾಗೇತ್ರಿ ಬಾಯಾರ?’

‘ಮಜ್ಜಿಗಿ ಬಿದ್ದೈತ್ರಿ.’

‘ಮಜ್ಜಿಗಿ ತಾನಽ ಹಾರಿ ಕಪಾಟ ಮ್ಯಾಲ ಹೋತೇನು?’

ಅವಳು ನಗಲಿಲ್ಲ. ಹಿಂದೆ ಮುಂದೆ ನೋಡಿ, ದನಿ ತಗ್ಗಿಸಿ, ‘ಅಣ್ಣಾರ, ಇದು ಆಗಂಗಿಲ್ಲ ಅಂತ ಒಂದು ಮಾತು ಹೇಳಿಬಿಡ್ರಿ. ನಮ್ಮ ಮನಿಯವರು ಫೋನ್ ಮಾಡಿ ಕೇಳ್ತಾರ. ಅವರಿಗೂ ಅದನ್ನಽ ಹೇಳ್ರಿ’ ಅಂದಳು.

‘ಯಾಕ್ರಿ? ಚಲೋ ಮಾಲ್ ಐತಿ.’

‘ಅದು ಮಾತಾಡ್ತೈತ್ರಿ. ಅವರು ಟೈಲ್ಸ್ ಅಂಗಡ್ಯಾಗ ಕುಂತು ದಿನಾಪೂರ್ತಿ ನೋಡ್ತಾರ. ಹಾಲು ಉಕ್ಕಾಕತ್ತೈತಿ ನೋಡು ಅಂತಾರ. ಕಿಡಕಿ ಹಾಕು ಅಂತಾರ. ಬಾಗಿಲದಾಗ ಯಾರ ಜೋಡಿ ನಿಂತಿದ್ದಿ ಅಂತಾರ. ಬೈಯೂದಿಲ್ರಿ. ಒಂದಽ ದನಿ, ಸಣ್ಣಗ.’

‘ಹಾಲು ಉಳೀತಲ್ರಿ ಮತ್ತ,’ ಎಂದು ಮೆಹರವಾಡೆ ನಕ್ಕ. ನಕ್ಕು, ಹೆಬ್ಬೆರಳನ್ನು ಮೇಲಕ್ಕೆ ತಿರುಗಿಸಿ ಬೋರ್ಡು ತೋರಿಸಿದ. ‘ಅದನ್ನ ಓದೀರಿಲ್ಲ? ಆ ಮಾತು ನನ್ನ ಬಾಯಿಲೆ ಬಂದಿಲ್ಲ, ಬರಂಗೂ ಇಲ್ಲ. ಸಂಜಿಕ್ಕ ಬರ್ರಿ.’

ಅವಳು ಇನ್ನೇನೋ ಹೇಳುವುದಿತ್ತು. ಕ್ಯಾಮೆರಾ ಮೇಜಿನ ಮೇಲಿಟ್ಟು ಹೋದಳು.

ಅವನು ಬೋರ್ಡನ್ನು ಸ್ಪಿರಿಟಿನಲ್ಲಿ ತೊಳೆದ, ಒಣಗಿಸಿದ, ಜಾತಕ ತೆಗೆದ, ಎರಡು ತಂತಿ ಬೆಸೆದ. ಕ್ಯಾಮೆರಾ ಗೋಣೆತ್ತಿ ನೋಡಿತು. ಮೆಹರವಾಡೆ ಅದಕ್ಕೆ ಕೈ ಬೀಸಿದ. ಸಂಜೆ ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದಳು, ಬಿಸಿ ಪಾತ್ರೆ ಹಿಡಿದಂತೆ.

ಕೆಲವು ವಾರಗಳ ಮೇಲೆ ನನ್ನ ಸರದಿ. ಅದೇ ಮಾದರಿಯ ಇನ್ನೊಂದು ಕ್ಯಾಮೆರಾ ಗುಜರಿಯಲ್ಲಿ ಸಿಕ್ಕಿತ್ತು, ಚಿಪ್ಪು ಸುಟ್ಟುಹೋಗಿತ್ತು. ಮೆಹರವಾಡೆ ಚೀಲ ಕೆದಕಿ ನನ್ನನ್ನು ಆರಿಸಿ, ಬಿಸಿಗಾಳಿ ಊದಿ ಬೋರ್ಡಿನಿಂದ ಎಬ್ಬಿಸಿದ. ಓದಿದ. ಪ್ರವಚನದ ಚಾನೆಲ್ಲಿನ ನಂಬರು ಇನ್ನೂ ನನ್ನಲ್ಲಿತ್ತು. ಅಳಿಸಿದ. ಆಮೇಲೆ ಶಿವಲೀಲಾಳ ಮನೆಯ ಕ್ಯಾಮೆರಾದ ಜಾತಕವನ್ನು ನನ್ನೊಳಗೆ ಬರೆದ.

ಆಗ ನನಗೆ ಶಿವಲೀಲಾಳ ಗಂಡನ ಪರಿಚಯವಾಯಿತು. ಅವನ ಹೆಸರು ರುದ್ರೇಶ ಕರಜಗಿ. ಮನುಷ್ಯನನ್ನು ಅವನ ಮಾತಿನಿಂದ ಅಳೆಯುವವರಿದ್ದಾರೆ, ನಡತೆಯಿಂದ ಅಳೆಯುವವರಿದ್ದಾರೆ. ನಾನು ಅಳೆದದ್ದು ಅವನು ಕ್ಯಾಮೆರಾಕ್ಕೆ ಕೊಟ್ಟಿದ್ದ ಅಪ್ಪಣೆಗಳಿಂದ. ಮುಂಬಾಗಿಲ ಸುತ್ತ ಒಂದು ಚೌಕ ಎಳೆದಿದ್ದ: ಅಲ್ಲಿ ಏನು ಅಲುಗಿದರೂ ಅವನ ಫೋನಿಗೆ ಗಂಟೆ. ಅಡುಗೆಮನೆಯ ಬಾಗಿಲಿಗೆ ಇನ್ನೊಂದು ಚೌಕ. ಬಚ್ಚಲ ಕಡೆ ಹೋದವರು ಇಷ್ಟು ಹೊತ್ತಿನೊಳಗೆ ಹಿಂತಿರುಗಿ ಕಾಣದಿದ್ದರೂ ಗಂಟೆ. ಬೀದಿಯ ಕಡೆಯ ಕಿಟಕಿಗೆ ಚೌಕವಿರಲಿಲ್ಲ. ಕಳ್ಳರ ಭಯ ಅವನಿಗೆ ಇದ್ದಂತಿರಲಿಲ್ಲ.

ಇನ್ನು ನಂಬರು ಬದಲಿಸಬೇಕಿತ್ತು. ಮೆಹರವಾಡೆ ಕೈಯೆತ್ತಿದ್ದ ಕೂಡ. ಅಷ್ಟರಲ್ಲಿ ಹೊರಗೆ ಒಂದು ಸ್ಕೂಟರು ಕಬ್ಬಿನ ಹಾಲಿನ ಗಾಡಿಗೆ ತಗುಲಿತು. ಇಂಥ ಜಗಳಗಳಲ್ಲಿ ಪಂಚನಾಗಿ ನಿಲ್ಲುವುದು ಮೆಹರವಾಡೆಗೆ ಊಟಕ್ಕಿಂತ ಇಷ್ಟ. ಹೋದ, ತೀರ್ಪು ಕೊಟ್ಟ, ಎರಡೂ ಕಡೆಯಿಂದ ಬೈಸಿಕೊಂಡ, ಒಂದು ಲೋಟ ಕಬ್ಬಿನ ಹಾಲು ಕುಡಿದು ಬಂದ. ಬಂದವನು ನನ್ನನ್ನು ಬೆಸೆದು ಕರೆಂಟು ಕೊಟ್ಟ. ಚಿತ್ರ ಬಂತು. ‘ಎದ್ದಳು ನೋಡು ಮಹಾರಾಣಿ!’ ಎಂದು ಸ್ಕ್ರೂ ಬಿಗಿದುಬಿಟ್ಟ.

ಹೀಗೆ ನಾನು ಬೇರೆಯವರ ಹೆಸರಿನಲ್ಲಿ ಎದ್ದೆ. ನಮ್ಮಂಥ ಅಗ್ಗದ ಕ್ಯಾಮೆರಾಗಳಲ್ಲಿ ನಂಬರೂ ಅದರ ಗುಟ್ಟಿನ ಮಾತೂ ಗೊತ್ತಿದ್ದ ಫೋನಿಗೆ ಚಿತ್ರ ಹೋಗುತ್ತದೆ. ರುದ್ರೇಶನ ಫೋನಿಗೆ ಎರಡೂ ಗೊತ್ತಿದ್ದವು. ಅವನ ಮನೆಯಲ್ಲೊಂದು ಕ್ಯಾಮೆರಾ, ಇಲ್ಲೊಂದು ನಾನು. ಕರೆದರೆ ಯಾರು ಮೊದಲು ‘ಓ’ ಅನ್ನುತ್ತಾರೋ ಅವರ ಚಿತ್ರ.

ಶಿವಲೀಲಾ ಮನೆ ಬಿಟ್ಟದ್ದು ಆಮೇಲೆ. ಚಿಕ್ಕ ಮಗಳನ್ನು ಕರೆದುಕೊಂಡು ಹೊರಟಳು. ಓಡಿಹೋಗುವವರು ದೂರ ಹೋಗುತ್ತಾರೆಂದು ಎಲ್ಲರಿಗೂ ನಂಬಿಕೆ. ರುದ್ರೇಶ ರೈಲ್ವೆ ಸ್ಟೇಷನ್ನಿನಲ್ಲಿ ವಿಚಾರಿಸಿದ, ಅವಳ ತವರಿಗೆ ಹೋಗಿ ಕೂತು ಬಂದ. ಅವಳು ಹೋಗಿದ್ದು ಅದೇ ಊರಿನ ಇನ್ನೊಂದು ಬದಿಗೆ, ಅವಳ ತಾಯಿಯ ಗೆಳತಿ ನೀಲವ್ವನ ಹತ್ತಿರ. ನೀಲವ್ವ ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿ ಕಳಿಸುವವಳು. ಸಾಲಾಗಿ ಒಲೆ, ಒಲೆಗೊಬ್ಬ ಹೆಂಗಸು. ಬೆಳಗಿನಿಂದ ಮಧ್ಯಾಹ್ನದ ತನಕ ತಟ್ಟುವ ಸದ್ದು. ಆ ಸದ್ದಿನಲ್ಲಿ ಒಂದು ಜೊತೆ ಕೈ ಹೆಚ್ಚಾದರೆ ಯಾರಿಗೂ ಗೊತ್ತಾಗುವುದಿಲ್ಲ.

ನೀಲವ್ವನ ಮಗಳಿಗೆ ಆಗ ಕೂಸಾಗಿತ್ತು. ತೊಟ್ಟಿಲ ಎದುರು ಒಂದು ಕ್ಯಾಮೆರಾ ಇಟ್ಟರೆ ಕೂತಲ್ಲಿಂದ ಮೊಮ್ಮಗುವನ್ನು ನೋಡಬಹುದೆಂದು ಯಾರೋ ಅವಳ ತಲೆಯಲ್ಲಿ ಹಾಕಿದರು. ‘ಹೊಸಾದು ತುಟ್ಟಿ ಆಕ್ಕೈತಿ ಚಿಗವ್ವಾ, ಕೊಪ್ಪಿಕರ ರಸ್ತೆ ಹಿಂದ ಮೆಹರವಾಡೆ ಅಣ್ಣಾರು ಅದಾರ, ಹಳೇದನ್ನ ಎಬ್ಬಸ್ತಾರ’ ಅಂದದ್ದು ಶಿವಲೀಲಾ. ಅವಳು ಹೇಳಿದ್ದು ಬೇರೆ ಊರಿನ ತೊಟ್ಟಿಲಿಗೆ. ಹೇಳದಿದ್ದರೆ ಈ ಕಥೆಯಿಲ್ಲ.

ನೀಲವ್ವ ನನ್ನನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮಗಳ ಮನೆಗೆ ಒಯ್ದಳು. ಆ ಊರಿನ ಹೆಸರು ಇಲ್ಲಿ ಬರಬೇಕು. ಬರುವುದಿಲ್ಲ. ಆ ಮನೆಯ ವೈಫೈಗೆ ಅಳಿಯ ತನ್ನ ಹೆಸರು, ಅದರ ಮುಂದೆ ‘ನಿವಾಸ’, ಅದರ ಮುಂದೆ ಊರು, ಎಲ್ಲ ಸೇರಿಸಿ ಇಟ್ಟಿದ್ದ; ಮನೆಯ ಹೊರಗಿನ ಕಲ್ಲಿನ ಮೇಲೆ ಕೆತ್ತಿಸಲು ಆಗದ್ದನ್ನು ಇಲ್ಲಿ ತೀರಿಸಿಕೊಂಡಂತೆ. ನಾನು ಅದನ್ನು ಬರೆದಿಟ್ಟುಕೊಂಡೆ. ಅದು ನನ್ನ ಕೆಲಸ.

ಅಲ್ಲಿ ನಾನು ಬಹಳ ದಿನ ಬಾಳಲಿಲ್ಲ. ಕೂಸಿನ ಅಜ್ಜಿ, ಅಂದರೆ ಮಗಳ ಅತ್ತೆ, ನನ್ನನ್ನು ನೋಡಿದ ಗಳಿಗೆಯಿಂದ ತಕರಾರು ತೆಗೆದಳು. ‘ಇದು ಹಗಲ ರಾತ್ರಿ ಕೂಸಿನ್ನ ನೋಡಿದ್ರ ದೃಷ್ಟಿ ಆಗಂಗಿಲ್ಲೇನ? ಯಾರ್ಯಾರ ಕಣ್ಣು ಐತೋ ಅದರಾಗ!’ ಕೂಸಿನ ಗಲ್ಲಕ್ಕೆ ಕಾಡಿಗೆ ಬೊಟ್ಟಿಟ್ಟಳು. ಸಾಲದೆಂದು ನನ್ನ ಹಣೆಗೂ ಒಂದಿಟ್ಟಳು. ಮಗಳು ಅಳಿಯ ಬಿದ್ದು ಬಿದ್ದು ನಕ್ಕರು. ಅದೇ ಹೊತ್ತಿಗೆ ಹುಬ್ಬಳ್ಳಿಯ ಟೈಲ್ಸ್ ಅಂಗಡಿಯಲ್ಲಿ ರುದ್ರೇಶ ತನ್ನ ಫೋನಿನಲ್ಲಿ ಯಾರದೋ ತೊಟ್ಟಿಲು ನೋಡುತ್ತ, ಇದೇನು ಕಂಪನಿಯವರ ಎಡವಟ್ಟು ಎಂದು ಯೋಚಿಸುತ್ತಿದ್ದ. ಆ ಮನೆಯಲ್ಲಿ ವಿಷಯ ತಿಳಿದ ಒಬ್ಬಳೇ ಒಬ್ಬಳೆಂದರೆ ಆ ಅತ್ತೆ.

ನೀಲವ್ವ ನನ್ನನ್ನು ವಾಪಸು ತಂದಳು. ದುಡ್ಡು ಕೊಟ್ಟ ಸಾಮಾನು ಸುಮ್ಮನೆ ಕೂರಬಾರದೆಂಬುದು ಅವಳ ನಿಯಮ. ರೊಟ್ಟಿಯ ಕಟ್ಟುಗಳು ಆಗೊಮ್ಮೆ ಈಗೊಮ್ಮೆ ಮಾಯವಾಗುತ್ತಿದ್ದುದರಿಂದ ನನ್ನನ್ನು ರೊಟ್ಟಿಮನೆಯ ಗೂಡಿನಲ್ಲಿ ಕೂರಿಸಿದಳು. ಆ ದಿನ ಒಳಗೆ ಬಂದ ಶಿವಲೀಲಾ ನನ್ನನ್ನು ಕಂಡು ಬಾಗಿಲಲ್ಲೇ ನಿಂತಳು. ಗುಂಡು ತಲೆ, ಅದೇ ಮಾದರಿ.

‘ಅಂಜಬ್ಯಾಡ, ಇದರಾಗ ನೋಡಾಕಿ ನಾನಽ’ ಅಂದಳು ನೀಲವ್ವ, ಫೋನು ತೋರಿಸಿ.

ಶಿವಲೀಲಾ ನನಗೆ ಬೆನ್ನು ಕೊಟ್ಟು ಕೂತಳು.

ಯಾರಾದರೂ ನೋಡುತ್ತಿದ್ದಾಗ ನನ್ನ ಹಣೆಯ ಮೇಲೆ ಸಾಸಿವೆಯಷ್ಟು ಹಸಿರು ದೀಪ ಹತ್ತುತ್ತದೆ. ಮೊದಲ ದಿನ ಹತ್ತಿತು, ಆರಿತು. ಎರಡನೆಯ ದಿನ ಹತ್ತಿದ್ದು ಬಹಳ ಹೊತ್ತು ಆರಲಿಲ್ಲ. ನೀಲವ್ವನ ಫೋನು ಆಗ ಹಿಟ್ಟಿನ ಡಬ್ಬಿಯ ಮೇಲೆ ಬೋರಲಾಗಿ ಬಿದ್ದಿತ್ತು. ನನ್ನ ಗೋಣು ಮೆಲ್ಲಗೆ ಎಡಕ್ಕೆ ತಿರುಗಿತು, ನಿಂತಿತು, ಒಂದಿಷ್ಟು ಕೆಳಗಿಳಿಯಿತು. ಶಿವಲೀಲಾಳ ಬೆನ್ನು, ಜಡೆ, ಹಿಟ್ಟಾದ ಮೊಳಕೈ. ಅವಳು ಮಗ್ಗುಲಾಗಿ ಮಗಳನ್ನು ಕರೆದಾಗ ಕೆನ್ನೆ. ಆಮೇಲೆ ನಾನು ಅಲ್ಲಿಂದ ಅಲುಗಲಿಲ್ಲ.

‘ಇದರ ಗೋಣು ತಾನಽ ತಿರಗತೈತ್ರಿ ನೀಲವ್ವಾರ,’ ಎಂದಳು ಹುಸೇನಬಿ. ಅವಳು ಕೊನೆಯ ಒಲೆಯವಳು, ಎಲ್ಲವೂ ಅವಳಿಗೆ ಕಾಣುತ್ತದೆ.

‘ಗಾಳಿಗೆ ತಿರಗಿರಬೇಕ ಬಿಡ.’

‘ಗಾಳಿ ಎಲ್ಲೈತ್ರಿ ಇಲ್ಲಿ, ಹಂಚಿನ ಮುಂದ ಜೀವ ಬೇಯಾಕತ್ತೈತಿ.’

‘ನನ್ನ ಚಂದ ನೋಡಾಕತ್ತಿರಬೇಕವಾ,’ ಎಂದಳು ಫಕೀರವ್ವ. ವಯಸ್ಸು ಅರವತ್ತು ದಾಟಿದವಳು.

‘ನಿನ್ನ ಚಂದ ಕಂಡಿದ್ರ ಅದು ಗ್ವಾಡಿ ಕಡೆ ತಿರಗತಿತ್ತು.’

ಎಲ್ಲರೂ ನಕ್ಕರು. ಶಿವಲೀಲಾ ನಗಲಿಲ್ಲ. ಮರುದಿನ ಒಲೆ ಬದಲಿಸಿ ಆ ಮೂಲೆಗೆ ಕೂತಳು. ಒಂದಿಷ್ಟು ಹೊತ್ತಿನಲ್ಲಿ ನನ್ನ ಗೋಣು ಆ ಮೂಲೆಗೆ ತಿರುಗಿತು. ನನ್ನ ಕೈಯಲ್ಲಿ ಏನೂ ಇರಲಿಲ್ಲ, ಕೈಯೂ ಇರಲಿಲ್ಲ. ಅಪ್ಪಣೆ ಬಂದ ನಂಬರು ನನ್ನೊಳಗೇ ಬರೆದಿತ್ತು. ಯಾರದೆಂದು ನನಗೆ ಗೊತ್ತಿತ್ತು. ಹೇಳಲು ಬಾಯಿತ್ತು, ಅದೂ ಅವನದೇ ದನಿಗೆ.

ರುದ್ರೇಶನಿಗೆ ಹೆಂಡತಿ ಸಿಕ್ಕಿದ್ದಳು, ಜಾಗ ಸಿಕ್ಕಿರಲಿಲ್ಲ. ರೊಟ್ಟಿ ಮಾಡುವ ಮನೆಗಳು ಹುಬ್ಬಳ್ಳಿಯಲ್ಲಿ ಗಲ್ಲಿಗೊಂದು. ಅಂಗಡಿ ಬಿಟ್ಟು ಮನೆಯಲ್ಲೇ ಕೂತು ದಿನಗಟ್ಟಲೆ ಅವನು ತಾಳ್ಮೆಯಿಂದ ಹುಡುಕಿದ. ನನ್ನ ಕಣ್ಣಿನಿಂದ ಹಿಟ್ಟಿನ ಚೀಲದ ಮೇಲಿನ ಅಚ್ಚು ನೋಡಿದ. ಅದು ಎಲ್ಲ ಕಡೆ ಸಿಗುವ ಚೀಲ. ಬಾಗಿಲ ಆಚೆಯ ಗೋಡೆ ನೋಡಿದ, ಬರೀ ಗೋಡೆ. ಒಂದು ದಿನ ಮಧ್ಯಾಹ್ನದ ಮುಂಚೆ ನನ್ನ ಗೋಣು ಹಿಂದೆಂದೂ ತಿರುಗದ ಕಡೆಗೆ ತಿರುಗಿತು. ಅಲ್ಲಿ ಮೊಳೆಗೆ ಒಂದು ಕ್ಯಾಲೆಂಡರು ತೂಗಿತ್ತು, ಕಿರಾಣಿ ಅಂಗಡಿಯವರು ಹೊಸ ವರ್ಷಕ್ಕೆ ಕೊಡುವಂಥದ್ದು: ಮೇಲೆ ಲಕ್ಷ್ಮಿ, ಕೆಳಗೆ ಅಂಗಡಿಯ ಹೆಸರು, ಓಣಿ, ಯಾವ ಗುಡಿಯ ಹಿಂದೆ ಎಂಬುದೂ ಸೇರಿ. ಚಿತ್ರ ಹಿಗ್ಗಿತು. ಇನ್ನೂ ಹಿಗ್ಗಿತು. ಹಸಿರು ದೀಪ ಅಲುಗದೆ ಉರಿಯುತ್ತಿತ್ತು.

ಅಲ್ಲಿಗೇ ಅವನು ಎದ್ದು ಹೊರಟಿದ್ದರೆ ಅವಳಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಆದರೆ ಗೋಣು ಮತ್ತೆ ಅವಳ ಕಡೆ ತಿರುಗಿತು. ಮಗಳಿಗೆ ಜಡೆ ಹಾಕುತ್ತ ಅವಳು ಹಂಚು ಮರೆತಿದ್ದಳು. ಅಂಚಿನಿಂದ ಹೊಗೆ ಏಳುತ್ತಿತ್ತು. ಇಷ್ಟು ದಿನ ಬಿಗಿಹಿಡಿದಿದ್ದ ಬಾಯನ್ನು ರೂಢಿ ತೆರೆಸಿತು.

‘ಶಿವಲೀಲಾ,’ ಅಂದೆ ನಾನು, ಅವನ ದನಿಯಲ್ಲಿ, ಸಣ್ಣಗೆ. ‘ರೊಟ್ಟಿ ಹೊತ್ತಾಕತ್ತೈತಿ ನೋಡು.’

ತಟ್ಟುವ ಸದ್ದು ಒಂದೇ ಸಲಕ್ಕೆ ನಿಂತಿತು. ಶಿವಲೀಲಾ ರೊಟ್ಟಿಯನ್ನು ಮಗುಚಿ ಹಾಕಿದಳು. ಅದನ್ನು ನಾನು ಮರೆಯಲಾರೆ: ಮೊದಲು ರೊಟ್ಟಿ ಮಗುಚಿದಳು, ಆಮೇಲೆ ನಡುಗತೊಡಗಿದಳು.

‘ಯವ್ವಾ, ಮಾತಾಡ್ತಲ್ಲೇ ಇದು!’ ಎಂದು ಫಕೀರವ್ವ ಎದ್ದು ನಿಂತಳು. ಹುಸೇನಬಿ ಒದ್ದೆ ಬಟ್ಟೆ ತಂದು ನನ್ನ ತಲೆಯ ಮೇಲೆ ಒಗೆದಳು. ನೀಲವ್ವ ಡಬ್ಬಿಯ ಮೇಲಿನ ಫೋನು ಎತ್ತಿ ತೆರೆದಳು. ಕರೆದಾಗ ಮೊದಲು ‘ಓ’ ಅಂದದ್ದು ನಾನಲ್ಲ, ನನ್ನ ಹೆಸರಿನ ಇನ್ನೊಬ್ಬ.

‘ಇದ್ಯಾರ ಮನಿ ಬಂತ ಇದರಾಗ? ಯಾರೋ ಗಂಡಸ ಕುಂತಾನ.’

ಶಿವಲೀಲಾ ನೋಡಿದಳು. ತಾನೇ ಹೊಲಿದ ಪರದೆ, ತಾನೇ ಒರೆಸುತ್ತಿದ್ದ ಕಪಾಟು. ಸೋಫಾದ ಮೇಲೆ ಫೋನು ಹಿಡಿದು ಕೂತ ರುದ್ರೇಶ.

‘ನಮ್ಮ ಮನಿ, ಚಿಗವ್ವಾ.’

ಚಿತ್ರದಲ್ಲಿ ಅವನು ಫೋನನ್ನು ಕಿಸೆಗೆ ಹಾಕಿದ. ಎದ್ದ. ಗಡಿಬಿಡಿಯಿಲ್ಲ. ಸೋಫಾದ ಮೇಲಿನ ಹೊದಿಕೆಯ ಸುಕ್ಕು ಸರಿಪಡಿಸಿದ. ಮೊಳೆಯಿಂದ ಬೈಕಿನ ಕೀಲಿ ತೆಗೆದುಕೊಂಡ. ಚಪ್ಪಲಿ ಮೆಟ್ಟಿದ. ಬಾಗಿಲು ತೆರೆದು ಮುಚ್ಚಿತು. ಖಾಲಿ ಪಡಸಾಲೆ ಮಾತ್ರ ಉಳಿಯಿತು, ಚೌಕ ಎಳೆದ ಬಾಗಿಲಿನೊಡನೆ.

ಹೆಂಗಸರಿಗೆ ಯಾರೂ ಏನೂ ವಿವರಿಸಲಿಲ್ಲ. ಫಕೀರವ್ವ ಹಿಂಬಾಗಿಲು ತೆರೆದಳು. ಖಾನಾವಳಿಗೆ ರೊಟ್ಟಿ ಒಯ್ಯುವ ಟಂಟಂ ರಿಕ್ಷಾ ಹಿಂದಿನ ಸಂದಿಯಲ್ಲಿ ನಿಂತಿತ್ತು. ಹುಸೇನಬಿ ಮಗುವನ್ನು ಎತ್ತಿ ಬುಟ್ಟಿಗಳ ನಡುವೆ ಕೂರಿಸಿದಳು. ನೀಲವ್ವ ಶಿವಲೀಲಾಳ ಕಿವಿಯಲ್ಲಿ ಎರಡೇ ಮಾತು ಹೇಳಿದಳು: ಮಗಳ ಮನೆ, ಮತ್ತು ಊರಿನ ಹೆಸರು. ಒದ್ದೆ ಬಟ್ಟೆಯ ಕೆಳಗಿಂದ ನನಗೆ ಕೇಳಿಸಿತು. ಅವನಿಗೆ ಕೇಳಿಸಲಿಲ್ಲ, ಅವನು ಬೈಕಿನ ಮೇಲಿದ್ದ, ಫೋನು ಕಿಸೆಯಲ್ಲಿತ್ತು.

ಅವನು ಬಂದಾಗ ಬಾಗಿಲಲ್ಲಿ ಚಪ್ಪಲಿ ಬಿಟ್ಟ. ತಲೆ ಬಾಚಿಕೊಂಡಿದ್ದ.

‘ಅವ್ವಾರ, ನಮ್ಮ ಮನಿಯಾಕಿ ಇಲ್ಲಿ ಇದ್ದಳ್ರಿ.’

ಹೆಂಗಸರು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. ಇನ್ನೂ ಜೋರಾಗಿ ತಟ್ಟಿದರು. ಅವನ ಸಣ್ಣ ದನಿ ಆ ಸದ್ದಿನಲ್ಲಿ ಮುಳುಗಿತು. ಅವನು ಎರಡನೆಯ ಸಲ ಹೇಳಬೇಕಾಯಿತು, ಮೂರನೆಯ ಸಲ ಕೂಗಬೇಕಾಯಿತು. ಬಹುಶಃ ಜೀವನದಲ್ಲಿ ಮೊದಲ ಸಲ.

‘ಏನ? ಕಡಕ್ ಬೇಕೋ, ಬಿಸೀದು ಬೇಕೋ?’ ಅಂದಳು ನೀಲವ್ವ.

ಅವನು ಸುತ್ತ ನೋಡಿದ. ಖಾಲಿ ಒಲೆ ನೋಡಿದ. ಅದರ ಪಕ್ಕದ ಕರಿಕಾದ ರೊಟ್ಟಿ ನೋಡಿದ. ಆಮೇಲೆ ಗೂಡಿನ ಬಳಿ ಬಂದು ನನ್ನ ಮೇಲಿನ ಬಟ್ಟೆ ತೆಗೆದ. ‘ಇದು ನನ್ನ ಕ್ಯಾಮೆರಾರಿ. ನಂಬರ್ ನೋಡ್ರಿ, ನಂದಽ.’ ಫೋನು ತೋರಿಸಿದ. ನಂಬರು ಅವನದೇ ಆಗಿತ್ತು, ಅದನ್ನು ಯಾವ ಪಂಚನೂ ಅಲ್ಲಗಳೆಯುವಂತಿರಲಿಲ್ಲ.

‘ಒಯ್ಯಪ್ಪಾ,’ ಅಂದಳು ನೀಲವ್ವ. ‘ನಿನ್ನ ಕಣ್ಣು ನಿನ್ನ ಮನ್ಯಾಗ ಇರ್ಲಿ.’ ಅವನು ಹೋದರೆ ಸಾಕಾಗಿತ್ತು ಅವಳಿಗೆ. ನನ್ನ ಹೊಟ್ಟೆಯಲ್ಲಿ ಅಳಿಯನ ಮನೆಯ ಹೆಸರು ಇದೆಯೆಂದು ಅವಳಿಗೆ ಹೇಗೆ ಗೊತ್ತಾಗಬೇಕು?

ರುದ್ರೇಶನಿಗೆ ಗೊತ್ತಾಗಿತ್ತು. ಅವನು ಓದುವ ಮನುಷ್ಯ. ಮರುದಿನವೇ ನನ್ನನ್ನು ಮೆಹರವಾಡೆಯ ಮೇಜಿನ ಮೇಲಿಟ್ಟ.

‘ಒಂದಽ ನಂಬರಿನ ಎರಡು ಕ್ಯಾಮೆರಾ, ಮೆಹರವಾಡೆಯವರ. ಒಂದು ನಿಮ್ಮ ಹತ್ರ ರಿಪೇರಿಗೆ ಬಂದಿತ್ತು, ಇನ್ನೊಂದು ನಿಮ್ಮ ಹತ್ರಿಂದಽ ಹೋಗೇತಿ.’

ಮೆಹರವಾಡೆ ಅಗಿಯುವುದನ್ನು ನಿಲ್ಲಿಸಿದ. ಕಬ್ಬಿನ ಹಾಲಿನ ಲೋಟ ಅವನ ನೆನಪಿಗೆ ಬಂದಿರಬೇಕು.

‘ಬೈಯಾಕ ಬಂದಿಲ್ರಿ. ಉಪಕಾರ ಆಗೇತಿ. ನನ್ನ ಮನಿಯಾಕಿ ಸಿಕ್ಕಳು ಇದರಿಂದ. ಮತ್ತ ಜಾರಿ ಹೋದಳು. ಆ ರೊಟ್ಟಿ ಮುದುಕಿ ಮಂದಿ ಯಾವ ಊರಾಗ ಅದಾರ, ಅಲ್ಲಿ ಕಳಿಸ್ಯಾಳ. ಈ ಕ್ಯಾಮೆರಾದಾಗ ಒಂದು ತೊಟ್ಟಿಲಾ ಕಂಡಿದ್ದೆ ನಾನು. ಆ ಮನಿ ವೈಫೈ ಹೆಸರು ಇದರಾಗ ಉಳಿದಿರತೈತಿ. ವೈಫೈ ಬದಲಿಸಿದ್ರೂ ಹಳೇ ಹೆಸರು ಉಳೀತಾವಂತ. ತಗದ ಕೊಡ್ರಿ.’

ಮೆಹರವಾಡೆ ಸ್ಕ್ರೂ ಬಿಚ್ಚಿ, ಬಿಸಿಗಾಳಿ ಊದಿ ನನ್ನನ್ನು ಬೋರ್ಡಿನಿಂದ ಎಬ್ಬಿಸಿದ. ಕ್ಲಿಪ್ಪು ನನ್ನ ಎಂಟು ಕಾಲಿಗೂ ಕಚ್ಚಿತು. ಅವನು ಓದತೊಡಗಿದ. ಪರದೆ ಅವನ ಕಡೆಗಿತ್ತು. ರುದ್ರೇಶ ಎದುರಿಗೆ ಸ್ಟೂಲಿನ ಮೇಲೆ ಕೈಕಟ್ಟಿ ಕೂತಿದ್ದ. ಸಾಲು ಸಾಲು ಅಂಕಿಗಳು, ಬಲಗಡೆ ಅವುಗಳ ಅಕ್ಷರ. ಮೊದಲು ನಂಬರು ಕಂಡಿತು, ಅವನೇ ಬದಲಿಸಲು ಮರೆತದ್ದು. ಇನ್ನೂ ಕೆಳಗೆ ಹೋದ. ಅಲ್ಲಿ, ಕಸದ ನಡುವೆ, ಸ್ವಚ್ಛವಾಗಿ ಅಳಿಯನ ಹೆಸರು, ನಿವಾಸ, ಊರು.

ನೀಲವ್ವ ಕ್ಯಾಮೆರಾ ಒಯ್ಯುವಾಗ ಮಗಳ ಊರು, ಕೂಸಿನ ಮೂಗು ಯಾರಂತೆ ಇದೆ, ಎಲ್ಲವನ್ನೂ ಅವನ ಮುಂದೆ ಹೇಳಿ ಹೋಗಿದ್ದಳು. ಮಜ್ಜಿಗೆಯ ಹೆಣ್ಣುಮಗಳೂ ಅವನಿಗೆ ನೆನಪಿದ್ದಳು. ಅವನ ಮುಖ ನನಗೆ ಕೆಳಗಿನಿಂದ ಕಾಣುತ್ತಿತ್ತು. ಬಹಳ ಹೊತ್ತು ಅವನು ಆ ಸಾಲನ್ನೇ ನೋಡಿದ. ಹೇಳಿದ್ದರೆ ಅವನ ಬೋರ್ಡಿನ ಮಾತು ಉಳಿಯುತ್ತಿತ್ತು.

‘ಆಗಂಗಿಲ್ರಿ,’ ಅಂದ.

ಆ ಅಂಗಡಿಯಲ್ಲಿ ಆ ಮಾತು ಎಷ್ಟು ಹೊಸದೆಂದರೆ ಅವನೇ ಒಮ್ಮೆ ಬಾಯಿ ಮುಟ್ಟಿಕೊಂಡ.

‘ಹಂಗಂದ್ರ?’

‘ಚಿಪ್ಪು ಸತ್ತೈತಿ. ಒಳಗೆಲ್ಲಾ ಹಸಿ ಐತಿ ನೋಡ್ರಿ, ನೀರು ಇಳದೈತಿ.’

ರುದ್ರೇಶ ನಕ್ಕ. ತಲೆಯೆತ್ತಿ ಬೋರ್ಡು ಓದಿದ, ನಿಧಾನವಾಗಿ, ಮಕ್ಕಳಿಗೆ ಪಾಠ ಹೇಳಿದಂತೆ. ‘ಸತ್ತ ಹೆಣಾ ಎಬ್ಬಸ್ತೀರಿ ಅಂತ ಊರೆಲ್ಲಾ ಹೇಳ್ತೈತಿ.’

‘ಹೆಣಾ ಆದ್ರ ಎಬ್ಬಸಬಹುದಿತ್ರಿ. ಇದು ಬೂದಿ.’

‘ಹೋಗ್ಲಿ ಬಿಡ್ರಿ, ಬೆಂಗಳೂರಾಗ ತೋರಸ್ತೀನಿ. ಕೊಡ್ರಿ ಇಲ್ಲಿ.’ ಅವನು ಕೈ ಚಾಚಿದ.

ಮೆಹರವಾಡೆ ಕೊಡಲಿಲ್ಲ. ‘ತಡೀರಿ, ಬಿಸಿ ಐತಿ, ಆರಲಿ. ಚಾ ಕುಡದ ಹೋಗ್ರಿ. ಏ ಚಾ!’ ಎಂದು ಗಲ್ಲಿಗೆ ಕೂಗಿದ. ಕೂಗುತ್ತಲೇ, ಜಾತಕದ ನಕಲನ್ನೂ ಇಟ್ಟುಕೊಳ್ಳದೆ, ಕಿರುಬೆರಳಿನಿಂದ ಅಳಿಸುವ ಗುಂಡಿ ಒತ್ತಿದ.

ಅಳಿಸುವುದೆಂದರೆ ಒಮ್ಮೆಗೇ ಆಗುವುದಲ್ಲ. ಒಂದು ತುದಿಯಿಂದ ಹಿಡಿದು, ಕೋಣೆಯಿಂದ ಕೋಣೆಗೆ ದೀಪ ಹಚ್ಚುತ್ತ ಬಂದಂತೆ, ಸೊನ್ನೆಗಳನ್ನೆಲ್ಲ ಮತ್ತೆ ಒಂದು ಮಾಡುತ್ತ ಬರುತ್ತದೆ. ಮೊದಲು ಕಣ್ಣಿಗೆ ಕಲಿಸಿದ್ದು ಹೋಯಿತು, ಆಮೇಲೆ ಕಿವಿಗೆ ಕಲಿಸಿದ್ದು. ಚಹಾ ಬಂತು. ರುದ್ರೇಶ ಊದಿ ಊದಿ ಕುಡಿಯುವವನು, ದೇವರು ದೊಡ್ಡವನು. ಮುಂಬಾಗಿಲ ಚೌಕ ಹೋಯಿತು, ಅಡುಗೆಮನೆಯದು ಹೋಯಿತು, ಬಚ್ಚಲದ್ದು ಹೋಯಿತು. ಊರಿನ ಹೆಸರು ಇದ್ದದ್ದು ಕೊನೆಯ ಭಾಗದಲ್ಲಿ. ರುದ್ರೇಶ ಲೋಟ ಕೆಳಗಿಟ್ಟು ಎದ್ದ, ಮೇಜನ್ನು ಸುತ್ತಿ ಪರದೆಯ ಕಡೆ ಬರಲು ಒಂದು ಹೆಜ್ಜೆಯಿಟ್ಟ.

ಮೆಹರವಾಡೆ ಪರದೆಯ ವೈರನ್ನೇ ಕಾಲಿನಿಂದ ಎಳೆದ. ‘ಹೋತ ನೋಡ್ರಿ ಕರೆಂಟು,’ ಅಂದ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಇಬ್ಬರೂ ಅದನ್ನು ನೋಡಿದರು. ಕ್ಲಿಪ್ಪಿನ ಮೇಲಿನ ಕೆಂಪು ದೀಪ ಮಿಣುಕಿ ಮಿಣುಕಿ, ಆರಿತು. ಆಗ ಮೆಹರವಾಡೆ ನನ್ನನ್ನು ಬಿಡಿಸಿ ಅವನ ಅಂಗೈ ಮೇಲಿಟ್ಟ.

ಬೆಂಗಳೂರಿನ ಅಂಗಡಿಯಲ್ಲಿ ದೊಡ್ಡ ಯಂತ್ರಗಳಿದ್ದವು. ಅಲ್ಲಿನವನು ನನ್ನನ್ನು ಓದಿ, ‘ಏನೂ ಇಲ್ಲ ಸಾರ್’ ಅಂದ.

‘ಸತ್ತೈತೇನ್ರಿ?’

‘ಸತ್ತಿಲ್ಲ ಸಾರ್, ಚೆನ್ನಾಗೇ ಇದೆ. ಖಾಲಿ ಅಷ್ಟೇ. ಎರಡೂ ಬೇರೆ ಬೇರೆ ಅಲ್ವಾ.’

ರುದ್ರೇಶ ನನ್ನನ್ನು ಕಾಗದದಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡ. ಆಮೇಲೆ, ‘ಹೌದು. ಬೇರೆ ಬೇರೆ,’ ಅಂದ, ಸಣ್ಣಗೆ.

ಈಗ ನಾನು ಅವನ ಪಡಸಾಲೆಯ ಮೇಜಿನ ಡ್ರಾಯರಿನಲ್ಲಿದ್ದೇನೆ. ಪಕ್ಕದಲ್ಲಿ ಬಳಸದ ಕೀಲಿಗಳು, ಒಂದು ಒಡೆದ ಬಳೆ, ಮಕ್ಕಳ ಹೇರ್‌ಕ್ಲಿಪ್ಪು. ಮೇಲೆ ಕಪಾಟಿನಲ್ಲಿ ನನ್ನ ಹೆಸರಿನ ಇನ್ನೊಬ್ಬ ಖಾಲಿ ಮನೆಯನ್ನು ನೋಡುತ್ತ, ಆಗಾಗ ಗೋಣು ತಿರುಗಿಸುವ ಸದ್ದು ಕೇಳುತ್ತದೆ. ರುದ್ರೇಶ ಕೆಲವು ಸಲ ಡ್ರಾಯರು ತೆರೆದು ನನ್ನನ್ನು ಬೆರಳ ತುದಿಯಲ್ಲಿ ಹಿಡಿದು ನೋಡುತ್ತಾನೆ. ಮೆಹರವಾಡೆಯ ಅಂಗಡಿಗೆ ಅವನು ಇನ್ನೂ ಹೋಗಿಲ್ಲ. ಹೋಗುವುದಿಲ್ಲ ಎಂದೇನೂ ನನಗೆ ಅನ್ನಿಸುವುದಿಲ್ಲ. ತಾಳ್ಮೆಯ ಮನುಷ್ಯ, ಸೋಫಾದ ಸುಕ್ಕು ಸರಿಪಡಿಸಿ ಹೋಗುವವನು.

ಅಳಿಸಲಾಗದ ಮೂಲೆಯೊಂದು ನನ್ನಲ್ಲಿದೆಯೆಂದು ಒಂದು ದಿನ ಅವನು ಎಲ್ಲಾದರೂ ಓದಿಯೇ ಓದುತ್ತಾನೆ. ಇನ್ನೂ ದೊಡ್ಡ ಅಂಗಡಿಗೆ ಒಯ್ಯುತ್ತಾನೆ. ಅಲ್ಲಿಯವರು ಆ ಮೂಲೆಯನ್ನೂ ತೆರೆಯುತ್ತಾರೆ, ಆಗ ಅವನಿಗೆ ಸಿಗುವುದು ಇದೇ ಕಥೆ: ಮಜ್ಜಿಗೆ, ಕಬ್ಬಿನ ಹಾಲು, ಕಾಡಿಗೆ ಬೊಟ್ಟು, ಹೊತ್ತಿದ ರೊಟ್ಟಿ. ಓದುವ ಮನುಷ್ಯ, ಕೊನೆಯವರೆಗೂ ಓದುತ್ತಾನೆ. ಊರಿನ ಹೆಸರಿಗಾಗಿ ಹಿಂದೆ ಹೋಗಿ ಮತ್ತೊಮ್ಮೆ ಹುಡುಕುತ್ತಾನೆ.

ಆ ಊರಿನ ಹೆಸರು ಒಂದೇ ನಾನು ಇಲ್ಲಿ ಬರೆದಿಟ್ಟುಕೊಳ್ಳಲಿಲ್ಲ. ಜಾಗ ಇತ್ತು.